ಎಕ್ಮೋ ಹಚ್ಚುವ ಮೊದಲಿನ ಏಳು ದಿನ

"ಮಶೀನ್ ಹಚ್ಚಿದ್ರ ಉಳೀತಾರೇನ್ರಿ?"

ಕಲಬುರಗಿಯ ಯಾವ ದೊಡ್ಡ ದವಾಖಾನೆಗೆ ಹೋದರೂ ಐಸಿಯು ಬಾಗಿಲಲ್ಲಿ ಈ ಪ್ರಶ್ನೆ ಕೇಳಿಸುತ್ತದೆ. ಮೊದಲೆಲ್ಲ ಮಶೀನ್ ಅಂದರೆ ವೆಂಟಿಲೇಟರ್ ಅಷ್ಟೇ. ಈಗ ಅದರ ಮುಂದಿನದೂ ಜನರಿಗೆ ಗೊತ್ತು: ರಕ್ತವನ್ನು ದೇಹದ ಹೊರಗೆ ತೆಗೆದು ಆಮ್ಲಜನಕ ಸೇರಿಸಿ ವಾಪಸ್ ಕೊಡುವ ಎಕ್ಮೋ ಯಂತ್ರ. 2016ರ ಡಿಸೆಂಬರ್‌ನಲ್ಲಿ ಜಯಲಲಿತಾ ಅವರಿಗೆ, 2020ರಲ್ಲಿ ಕೋವಿಡ್ ತಗುಲಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಎಕ್ಮೋ ಹಚ್ಚಿದ ಸುದ್ದಿಯನ್ನು ಎಲ್ಲರೂ ಟಿವಿ ಮುಂದೆ ಕೂತು ನೋಡಿದ್ದೇವೆ. ಇಬ್ಬರೂ ಉಳಿಯಲಿಲ್ಲ. ಹೀಗಾಗಿ ನಮ್ಮಲ್ಲಿ ಎರಡು ಥರದ ಮಾತು ಓಡಾಡುತ್ತದೆ. ಎಕ್ಮೋ ಅಂದರೆ ಕಥೆ ಮುಗೀತು ಅನ್ನೋದು ಒಂದು. ಬೇಗ ಹೈದರಾಬಾದಿಗೆ ಒಯ್ದು ಎಕ್ಮೋ ಹಚ್ಚಿಸಿದ್ದರೆ ನಮ್ಮವರು ಉಳೀತಿದ್ದರು ಅನ್ನೋದು ಇನ್ನೊಂದು.

ಎರಡೂ ಅರ್ಧ ಸತ್ಯ. ಎಕ್ಮೋ ಮೇಲೆ ಹೋದ ರೋಗಿ ಉಳಿಯುತ್ತಾನಾ ಇಲ್ಲವಾ ಅನ್ನುವುದರಲ್ಲಿ ದೊಡ್ಡ ಪಾಲು ಆ ಯಂತ್ರದ ಹತ್ತಿರ ಹೋಗುವ ಮೊದಲೇ ತೀರ್ಮಾನ ಆಗಿರುತ್ತದೆ. ಆಳಂದ, ಸೇಡಂ, ಔರಾದ್, ಶಹಾಪುರದಂಥ ಊರಿನ ದವಾಖಾನೆಯಲ್ಲಿ, ಜಿಲ್ಲಾ ಕೇಂದ್ರದ ವೆಂಟಿಲೇಟರ್ ಹಾಸಿಗೆಯಲ್ಲಿ, ಹುಮನಾಬಾದ್ ದಾಟಿ ಓಡುವ ಆಂಬುಲೆನ್ಸಿನಲ್ಲಿ. ನಮ್ಮ ಭಾಗದಲ್ಲಿ ಈ ಚರ್ಚೆ ಯಾವಾಗಲೂ ಯಂತ್ರ ಇದೆಯಾ ಇಲ್ಲವಾ ಅನ್ನುವಲ್ಲೇ ನಿಂತುಬಿಡುತ್ತದೆ. ಅದಕ್ಕೇ ಈ ಬರಹ.

ಮೊದಲು ಯಂತ್ರದ ವಿಷಯ. ತೊಡೆಯ ಅಥವಾ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ದಪ್ಪ ನಳಿಕೆ ಹಾಕಿ ರಕ್ತವನ್ನು ಹೊರಗೆ ಎಳೆಯುತ್ತಾರೆ. ದೊಡ್ಡವರಲ್ಲಿ ನಿಮಿಷಕ್ಕೆ ಸುಮಾರು 4ರಿಂದ 6 ಲೀಟರ್. ಆ ರಕ್ತ ಸಾವಿರಾರು ಸಣ್ಣ ಟೊಳ್ಳು ಪ್ಲಾಸ್ಟಿಕ್ ಎಳೆಗಳ ಮಧ್ಯೆ ಹರಿಯುತ್ತದೆ. ಎಳೆಗಳ ಒಳಗೆ ಆಮ್ಲಜನಕ ಇರುತ್ತದೆ. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಕಪ್ಪಗೆ ಹೋದ ರಕ್ತ ಕೆಂಪಾಗಿ ದೇಹಕ್ಕೆ ವಾಪಸ್. ರಕ್ತನಾಳ ಎರಡು ಬಗೆಯವಾದ್ದರಿಂದ ಎಕ್ಮೋದಲ್ಲೂ ಎರಡು ಬಗೆ. ಶ್ವಾಸಕೋಶ ಮಾತ್ರ ಕೆಟ್ಟಿದ್ದರೆ ಅಭಿಧಮನಿಯಿಂದ (ಹೃದಯದ ಕಡೆ ರಕ್ತ ಒಯ್ಯುವ ನಾಳ) ತೆಗೆದು ಅಭಿಧಮನಿಗೇ ಕೊಡುತ್ತಾರೆ. ಹೃದಯವೂ ಕೈಕೊಟ್ಟಿದ್ದರೆ ಅಪಧಮನಿಗೆ (ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ನಾಳ) ಕೊಡುತ್ತಾರೆ. ಜಯಲಲಿತಾ ಅವರಿಗೆ ಹಚ್ಚಿದ್ದು ಹೃದಯ ನಿಂತ ಮೇಲೆ. ಎಸ್‌ಪಿಬಿ ಅವರದು ಶ್ವಾಸಕೋಶದ ಕಥೆ. ಇಬ್ಬರ ಫಲಿತಾಂಶವನ್ನು ಒಂದೇ ತಕ್ಕಡಿಯಲ್ಲಿ ಇಡೋಕೆ ಬರುವುದಿಲ್ಲ. ಈ ಲೇಖನದಲ್ಲಿ ಶ್ವಾಸಕೋಶದ ಎಕ್ಮೋ ಬಗ್ಗೆ ಮಾತ್ರ ಮಾತಾಡುತ್ತೇನೆ.

ಎಕ್ಮೋ ಯಾವ ಕಾಯಿಲೆಯನ್ನೂ ವಾಸಿ ಮಾಡುವುದಿಲ್ಲ. ಗಾಯಗೊಂಡ ಎತ್ತಿನ ಹೆಗಲಿಂದ ನೊಗ ಇಳಿಸಿದ ಹಾಗೆ, ಅಷ್ಟೇ. ಗಾಯ ತಾನಾಗಿ ಮಾಯಬೇಕು. ಮಾಯುವ ಗಾಯ ಆಗಿದ್ದರೆ ಮಾತ್ರ ನೊಗ ಇಳಿಸಿದ್ದಕ್ಕೆ ಅರ್ಥ.

ವೆಂಟಿಲೇಟರ್ ತಾನೇ ಶ್ವಾಸಕೋಶಕ್ಕೆ ಪೆಟ್ಟು ಕೊಡಬಲ್ಲದು ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಉರಿಯೂತದಿಂದ ನೀರು ತುಂಬಿ ಬಿಗಿಯಾದ ಶ್ವಾಸಕೋಶಕ್ಕೆ, ಅಂದರೆ ವೈದ್ಯರು ಎಆರ್‌ಡಿಎಸ್ ಅನ್ನುವ ಸ್ಥಿತಿಯಲ್ಲಿ, ಜೋರಾಗಿ ಗಾಳಿ ತುಂಬಿದರೆ ಉಳಿದ ಒಳ್ಳೆಯ ಭಾಗವೂ ಹರಿಯುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಅಧ್ಯಯನ ಇದನ್ನು ಸಾಬೀತು ಮಾಡಿತು. ದೇಹದ ಎತ್ತರಕ್ಕೆ ಲೆಕ್ಕ ಹಾಕಿದ ತೂಕದ ಪ್ರತಿ ಕಿಲೋಗೆ 12 ಮಿಲಿ ಗಾಳಿ ಕೊಟ್ಟವರಲ್ಲಿ ಸುಮಾರು 40% ಜನ ತೀರಿಕೊಂಡರು. 6 ಮಿಲಿ ಕೊಟ್ಟವರಲ್ಲಿ 31%. ಯಂತ್ರ ಅದೇ. ಗುಂಡಿ ತಿರುಗಿಸಿದ ಲೆಕ್ಕ ಮಾತ್ರ ಬೇರೆ. ಎಕ್ಮೋ ಹಚ್ಚಿದ ಮೇಲೆ ವೈದ್ಯರು ಮಾಡುವ ಮೊದಲ ಕೆಲಸವೂ ಇದೇ: ವೆಂಟಿಲೇಟರಿನ ಒತ್ತಡವನ್ನು ಇನ್ನೂ ಕೆಳಗೆ ಇಳಿಸುವುದು.

ಹಾಗಾದರೆ ಎಕ್ಮೋದಿಂದ ಎಷ್ಟು ಜನ ಉಳೀತಾರೆ? ಜಗತ್ತಿನ ಎಕ್ಮೋ ಕೇಂದ್ರಗಳ ಸಂಘಟನೆ ಇಎಲ್‌ಎಸ್‌ಒ ಇಟ್ಟಿರುವ ದಾಖಲೆ ಪ್ರಕಾರ ಶ್ವಾಸಕೋಶದ ಕಾರಣಕ್ಕೆ ಎಕ್ಮೋ ಮೇಲೆ ಹೋದ ವಯಸ್ಕರಲ್ಲಿ ನೂರಕ್ಕೆ ಸುಮಾರು 60 ಜನ ಆಸ್ಪತ್ರೆಯಿಂದ ಜೀವಂತ ಹೊರಗೆ ಬಂದಿದ್ದಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಈ ನೂರು ಜನ ಯಾರು? ಇವರಿಗೆ ಹಚ್ಚಿದರೆ ಉಪಯೋಗ ಇದೆ ಅಂತ ಆರಿಸಿ ತೆಗೆದವರು. ಎಕ್ಮೋ ಇರುವ ಆಸ್ಪತ್ರೆವರೆಗೆ ಜೀವ ಹಿಡಿದು ತಲುಪಿದವರು. ಬೇಡ ಅನ್ನಿಸಿಕೊಂಡವರು, ದಾರಿಯಲ್ಲೇ ಹೋದವರು, ದುಡ್ಡಿಲ್ಲದೆ ಹೊರಡದೇ ಉಳಿದವರು ಈ ಲೆಕ್ಕದಲ್ಲಿ ಇಲ್ಲ. ಚಿಂಚೋಳಿಯ ರೋಗಿಗೆ ಈ 60 ಅನ್ನುವ ಅಂಕಿಯನ್ನು ಹಾಗೇ ಅನ್ವಯಿಸಿದರೆ ಸುಮ್ನೆ ಆಸೆ ಹುಟ್ಟಿಸಿದಂತೆ.

ದೊಡ್ಡ ಪರೀಕ್ಷೆಗಳು ಎರಡು. ಬ್ರಿಟನ್ನಿನ ಸೀಸರ್ ಅಧ್ಯಯನ 2009ರಲ್ಲಿ ಬಂತು, 180 ರೋಗಿಗಳು. ಲೆಸ್ಟರ್ ಊರಿನ ಎಕ್ಮೋ ಕೇಂದ್ರಕ್ಕೆ ಕಳಿಸಬೇಕು ಅಂತ ಆಯ್ಕೆಯಾದವರಲ್ಲಿ 63% ಜನ ಆರು ತಿಂಗಳ ನಂತರ ಅಂಗವಿಕಲತೆ ಇಲ್ಲದೆ ಬದುಕಿದ್ದರು. ಇದ್ದ ಕಡೆಯೇ ಉಳಿದವರಲ್ಲಿ 47%. ಇದನ್ನು ಎಕ್ಮೋ ಗೆಲುವು ಅಂತ ಎಲ್ಲರೂ ಬರೆದರು. ಒಳಗೆ ನೋಡಿದರೆ, ಕಳಿಸಲು ಆಯ್ಕೆಯಾದ 90 ಜನರಲ್ಲಿ ನಿಜವಾಗಿ ಎಕ್ಮೋ ಹಚ್ಚಿಸಿಕೊಂಡವರು 68. ಐದು ಜನ ತಲುಪುವ ಮೊದಲೇ ತೀರಿಕೊಂಡರು. ಇನ್ನು ಕೆಲವರಿಗೆ ಪಳಗಿದ ತಂಡದ ಕೈಗೆ ಸಿಕ್ಕ ಮೇಲೆ ಎಕ್ಮೋ ಬೇಕೇ ಆಗಲಿಲ್ಲ. ಅಂದರೆ ಆ ಅಧ್ಯಯನ ಅಳೆದದ್ದು ಯಂತ್ರವನ್ನು ಮಾತ್ರ ಅಲ್ಲ, ಅನುಭವ ಇರುವ ಕಡೆಗೆ ಬೇಗ ಕಳಿಸುವುದನ್ನೂ ಅಳೆಯಿತು. ಎರಡನೆಯದು 2018ರ ಇಯೋಲಿಯಾ, 249 ರೋಗಿಗಳು. 60 ದಿನದಲ್ಲಿ ಎಕ್ಮೋ ಗುಂಪಿನಲ್ಲಿ 35%, ಇನ್ನೊಂದರಲ್ಲಿ 46% ಸಾವು. ವ್ಯತ್ಯಾಸ ಇದೆ, ಆದರೆ ಅದು ಆಕಸ್ಮಿಕವಲ್ಲ ಅಂತ ಖಚಿತವಾಗಿ ಹೇಳಲು ಬೇಕಾದ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಎಕ್ಮೋ ಇಲ್ಲದ ಗುಂಪಿನಲ್ಲೂ 28% ಜನಕ್ಕೆ ಕೊನೆಗೆ ಜೀವ ಉಳಿಸಲು ಎಕ್ಮೋ ಹಚ್ಚಬೇಕಾಯಿತು. ಹಾಗೆ ತಡವಾಗಿ ಹಚ್ಚಿದವರಲ್ಲಿ 57% ಜನ ಉಳಿಯಲಿಲ್ಲ.

ಒಂದೇ ರೋಗಿ, ಎರಡು ಲೆಕ್ಕ

2014ರಲ್ಲಿ 2,355 ರೋಗಿಗಳ ದಾಖಲೆ ನೋಡಿ ರೆಸ್ಪ್ ಅನ್ನುವ ಅಂಕಪಟ್ಟಿ ತಯಾರಿಸಿದರು. ಎಕ್ಮೋ ಹಚ್ಚುವ ಮೊದಲಿನ 12 ಸಂಗತಿಗಳಿಗೆ ಅಂಕ. ಅದನ್ನು ಇಲ್ಲಿ ಬಳಸಿ ನೋಡೋಣ.

ಒಬ್ಬ 30 ವರ್ಷದ ಹೆಂಗಸು ಅಂತ ಇಟ್ಟುಕೊಳ್ಳಿ. ಜ್ವರ, ದಮ್ಮು, ವೈರಸ್ ನ್ಯುಮೋನಿಯಾ. ವೆಂಟಿಲೇಟರ್ ಹಾಕಿ 48 ಗಂಟೆ ಒಳಗೆ ಎಕ್ಮೋ ಹಚ್ಚಿದರೆ: ವೈರಸ್ ನ್ಯುಮೋನಿಯಾಕ್ಕೆ 3 ಅಂಕ, 48 ಗಂಟೆ ಒಳಗೆ ಬಂದಿದ್ದಕ್ಕೆ 3, ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದರೆ 1. ಒಟ್ಟು 7. ಈ ಗುಂಪಿನಲ್ಲಿ ಬದುಕಿದವರು 92%.

ಈಗ ಅದೇ ಹೆಂಗಸು, ಅದೇ ಕಾಯಿಲೆ. ಆದರೆ ವೆಂಟಿಲೇಟರ್ ಮೇಲೆ ಹತ್ತು ದಿನ ಕಳೆದಿದೆ. ಏಳು ದಿನ ದಾಟಿದ್ದರಿಂದ, ಬೇಗ ಬಂದಿದ್ದಕ್ಕೆ ಸಿಗುತ್ತಿದ್ದ 3 ಅಂಕ ಪೂರ್ತಿ ಹೋಯಿತು. ಈ ನಡುವೆ ಶ್ವಾಸಕೋಶದ ಹೊರಗೂ ಸೋಂಕು ಸೇರಿತು, ಅದಕ್ಕೆ 3 ಕಡಿಮೆ. ರಕ್ತ ಹುಳಿಯಾಗಿ ಬೈಕಾರ್ಬನೇಟ್ ಕೊಡಬೇಕಾಯಿತು, 2 ಕಡಿಮೆ. ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಒತ್ತಡ 75 ದಾಟಿತು, 1 ಕಡಿಮೆ. ಒಟ್ಟು ಸೊನ್ನೆಗಿಂತ 2 ಕೆಳಗೆ. ಈ ಗುಂಪಿನಲ್ಲಿ ಬದುಕಿದವರು 33%.

92 ಎಲ್ಲಿ, 33 ಎಲ್ಲಿ! ಆಕೆಯ ವಯಸ್ಸು ಬದಲಾಗಿಲ್ಲ, ಕಾಯಿಲೆ ಬದಲಾಗಿಲ್ಲ, ಎಕ್ಮೋ ಯಂತ್ರವೂ ಅದೇ. ವಯಸ್ಸು 60 ದಾಟಿದರೆ ಕಳೆಯುವುದು 3 ಅಂಕ. ಒಂದು ವಾರ ತಡ ಮಾಡಿದರೆ ಹೋಗುವುದೂ 3 ಅಂಕವೇ. ವಯಸ್ಸು ನಮ್ಮ ಕೈಯಲ್ಲಿಲ್ಲ, ವಾರ ಇದೆ ಅಲ್ವಾ?

ಈ ಪಟ್ಟಿಯನ್ನು ಒಬ್ಬ ರೋಗಿಯ ಹಣೆಬರಹ ಅಂತ ಓದಬಾರದು. ಅದು ಹೆಚ್ಚಾಗಿ ಶ್ರೀಮಂತ ದೇಶಗಳ, ಅದೂ ಎಕ್ಮೋ ಸಿಕ್ಕವರ ಲೆಕ್ಕ. ಆದರೂ ದಿಕ್ಕು ತೋರಿಸಲು ಸಾಕು.

ಕೋವಿಡ್ ಕಾಲ ಇನ್ನೊಂದು ಪಾಠ ಕಲಿಸಿತು. 2020ರ ಮೊದಲ ತಿಂಗಳುಗಳಲ್ಲಿ ಎಕ್ಮೋ ಮೇಲೆ ಹೋದ 1,035 ರೋಗಿಗಳಲ್ಲಿ 90 ದಿನದೊಳಗಿನ ಸಾವು 40%ಕ್ಕಿಂತ ಕಡಿಮೆ ಇತ್ತು. ಆಮೇಲೆ ಅದು ಅರ್ಧ ದಾಟಿತು. ಹೊಸ ಕೇಂದ್ರಗಳು ಶುರುವಾದದ್ದು ಒಂದು ಕಾರಣ. ಸ್ಟೀರಾಯ್ಡ್ ಕೊಟ್ಟರೂ ಬಗ್ಗದ ಕಾಯಿಲೆಯವರೇ ಎಕ್ಮೋಗೆ ಬರತೊಡಗಿದ್ದು ಇನ್ನೊಂದು. ಮೂರನೆಯದನ್ನು ನಮ್ಮ ಭಾಗದವರು ಚೆನ್ನಾಗಿ ಗುರುತಿಸಬೇಕು. ಮೂಗಿಗೆ ಬಾಯಿಗೆ ಉಸಿರಾಟದ ಮಾಸ್ಕ್ ಕಟ್ಟಿ ದಿನಗಟ್ಟಲೆ ಇಟ್ಟ ಮೇಲೆ ವೆಂಟಿಲೇಟರ್, ಆಮೇಲೆ ಎಕ್ಮೋ. ಮಾಸ್ಕ್ ಮೇಲಿನ ದಿನಗಳನ್ನು ಯಾರೂ ಎಣಿಸುವುದಿಲ್ಲ. ಆದರೆ ಆ ಹೊತ್ತಿನಲ್ಲಿ ರೋಗಿ ಏದುಸಿರು ಬಿಟ್ಟು ಎಳೆಯುವ ಒಂದೊಂದು ಉಸಿರೂ ಶ್ವಾಸಕೋಶವನ್ನು ಹಿಗ್ಗಿಸಿ ನೋಯಿಸುತ್ತಿರುತ್ತದೆ. 2021ರ ಎರಡನೇ ಅಲೆಯಲ್ಲಿ ಹಾಸಿಗೆ ಸಿಗದೆ ಹೀಗೇ ಕಾದವರು ಎಷ್ಟೋ ಜನ.

ಏಳು ದಿನದಲ್ಲಿ ಏನು ಮಾಡಬಹುದು?

ಬೋರಲು ಮಲಗಿಸುವುದು. ಇದರಷ್ಟು ಅಗ್ಗದ, ಇದರಷ್ಟು ಜೀವ ಉಳಿಸುವ ಕೆಲಸ ಐಸಿಯುದಲ್ಲಿ ಕಡಿಮೆ. 2013ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್‌ನ 466 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ತೀವ್ರ ಎಆರ್‌ಡಿಎಸ್ ಇದ್ದು ವೆಂಟಿಲೇಟರ್ ಮೇಲಿದ್ದವರನ್ನು ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದರು. 28 ದಿನದ ಸಾವು 33%ರಿಂದ 16%ಕ್ಕೆ ಇಳಿಯಿತು. ಅರ್ಧಕ್ಕರ್ಧ! ಬೆನ್ನ ಕಡೆಯ ಶ್ವಾಸಕೋಶ ತೆರೆದುಕೊಳ್ಳುತ್ತದೆ, ಗಾಳಿ ಎಲ್ಲ ಕಡೆ ಸಮವಾಗಿ ಹಂಚಿಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ಯಂತ್ರವಲ್ಲ, ನಾಲ್ಕೈದು ಜನ ಪಳಗಿದ ಸಿಬ್ಬಂದಿ. ಬಾಯಿಯ ನಳಿಕೆ ಜಾರದಂತೆ ತಲೆ ಹಿಡಿಯುವವರು ಒಬ್ಬರು, ಎರಡೂ ಕಡೆ ತಿರುಗಿಸುವವರು. ರಾತ್ರಿ ಪಾಳಿಯಲ್ಲಿ ಹತ್ತು ಹಾಸಿಗೆಗೆ ಇಬ್ಬರು ನರ್ಸ್ ಇದ್ದರೆ ಇದು ಆಗುವ ಮಾತಲ್ಲ. ನನ್ನ ಪ್ರಕಾರ ಒಂದು ಜಿಲ್ಲಾ ಐಸಿಯು ಹೇಗಿದೆ ಅಂತ ತಿಳಿಯಲು ಎಷ್ಟು ವೆಂಟಿಲೇಟರ್ ಇವೆ ಅಂತ ಕೇಳಬಾರದು. ರಾತ್ರಿ ಎರಡು ಗಂಟೆಗೆ ರೋಗಿಯನ್ನು ಬೋರಲು ಮಲಗಿಸಬಲ್ಲರಾ ಅಂತ ಕೇಳಬೇಕು.

ಎರಡನೆಯದು ಎಬಿಜಿ, ಅಂದರೆ ಅಪಧಮನಿಯ ರಕ್ತ ತೆಗೆದು ಆಮ್ಲಜನಕ ಎಷ್ಟಿದೆ ಅಂತ ನೋಡುವ ಪರೀಕ್ಷೆ. ರಕ್ತದಲ್ಲಿನ ಆಮ್ಲಜನಕದ ಒತ್ತಡವನ್ನು ಕೊಡುತ್ತಿರುವ ಆಮ್ಲಜನಕದ ಪಾಲಿನಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಆರೋಗ್ಯವಂತರಲ್ಲಿ ಅದು 400ರ ಮೇಲೆ. 100ಕ್ಕಿಂತ ಕಡಿಮೆ ಆದರೆ ತೀವ್ರ ಎಆರ್‌ಡಿಎಸ್. ಇಯೋಲಿಯಾದಲ್ಲಿ ಎಕ್ಮೋಗೆ ಇಟ್ಟುಕೊಂಡ ಗಡಿಗಳು: 50ಕ್ಕಿಂತ ಕೆಳಗೆ ಮೂರು ಗಂಟೆ, ಇಲ್ಲವೇ 80ಕ್ಕಿಂತ ಕೆಳಗೆ ಆರು ಗಂಟೆ. ದಿನಗಳಲ್ಲ, ಗಂಟೆಗಳು. ಆದ್ದರಿಂದ ಈ ಸಂಖ್ಯೆ 100ರ ಹತ್ತಿರ ಬಂದಾಗಲೇ ಎಕ್ಮೋ ಕೇಂದ್ರಕ್ಕೆ ಒಂದು ಫೋನ್ ಹೋಗಬೇಕು. ಫೋನ್ ಮಾಡಿದ ಕೂಡಲೇ ರೋಗಿಯನ್ನು ಸಾಗಿಸಬೇಕು ಅಂತಿಲ್ಲ. ಎಷ್ಟೋ ಸಲ ಆ ಕಡೆಯವರು ಬೋರಲು ಮಲಗಿಸಿ, ನೀರು ಕಡಿಮೆ ಕೊಡಿ, ನಾಳೆ ಬೆಳಿಗ್ಗೆ ಮತ್ತೆ ಮಾತಾಡೋಣ ಅನ್ನಬಹುದು. "ಇನ್ನೆರಡು ದಿನ ನೋಡೋಣ" ಅನ್ನುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಕಾಯಿಲೆ ಯಾವುದು ಅನ್ನುವುದೂ ಬಹಳ ಮುಖ್ಯ. ಉಬ್ಬಸ ಉಲ್ಬಣಿಸಿ ಎಕ್ಮೋಗೆ ಬಂದವರಿಗೆ ರೆಸ್ಪ್ ಪಟ್ಟಿಯಲ್ಲಿ 11 ಅಂಕ, ಎಲ್ಲಕ್ಕಿಂತ ಜಾಸ್ತಿ. ಶ್ವಾಸಕೋಶ ಚೆನ್ನಾಗೇ ಇರುತ್ತದೆ, ಗಾಳಿ ಹೋಗುವ ದಾರಿ ಮಾತ್ರ ಮುಚ್ಚಿರುತ್ತದೆ. ಎಚ್1ಎನ್1 ಕೂಡ ಹೀಗೇ ತಕ್ಕಮಟ್ಟಿಗೆ ಮಾಯುವ ಕಾಯಿಲೆ. 2009ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಎಕ್ಮೋ ಮೇಲಿದ್ದ 68 ಜನರಲ್ಲಿ ವರದಿ ಬರೆಯುವ ಹೊತ್ತಿಗೆ ತೀರಿಕೊಂಡವರು 21%. ಹೆಚ್ಚಿನವರು ಮೂವತ್ತರ ಆಸುಪಾಸಿನವರು.

ನಮ್ಮ ಹೊಲಗಳಿಂದ ಬರುವ ರೋಗಿಗಳ ಕಥೆ ಬೇರೆ. ತೊಗರಿ, ಹತ್ತಿ, ಕೃಷ್ಣಾ ನೀರು ಹರಿದ ಕಡೆ ಭತ್ತ. ಹುಳುವಿಗೆ ಒಂದು ಎಣ್ಣೆ, ಕಳೆಗೆ ಇನ್ನೊಂದು ಎಣ್ಣೆ. ಮನೆಯವರು "ಎಣ್ಣಿ ಕುಡದಾನ್ರಿ" ಅಂತ ಓಡಿ ಬಂದಾಗ ಯಾವ ಎಣ್ಣೆ ಅನ್ನುವುದರ ಮೇಲೆ ಎಲ್ಲವೂ ನಿಂತಿರುತ್ತದೆ. ಹುಳುವಿನ ಔಷಧದಲ್ಲಿ ಬಹಳಷ್ಟು ಆರ್ಗನೋಫಾಸ್ಫೇಟ್ ಜಾತಿಯವು. ಅದರಲ್ಲಿ ಉಸಿರಾಟದ ಸ್ನಾಯು ಸೋಲುತ್ತದೆ, ಎದೆ ತುಂಬ ನೀರು ಬರುತ್ತದೆ. ಅಟ್ರೋಪಿನ್ ಕೊಟ್ಟು, ವೆಂಟಿಲೇಟರ್ ಮೇಲೆ ದಿನಗಟ್ಟಲೆ ಕಾದರೆ ಉಳಿಯುವವರು ಬಹಳ. ಎಕ್ಮೋ ಬೇಕಾಗುವುದೇ ಅಪರೂಪ. ಕಳೆನಾಶಕ ಪ್ಯಾರಾಕ್ವಾಟ್ ಹಾಗಲ್ಲ. ಅದು ಶ್ವಾಸಕೋಶದಲ್ಲೇ ಹೋಗಿ ಸೇರಿಕೊಳ್ಳುತ್ತದೆ. ಕೊಟ್ಟ ಆಮ್ಲಜನಕವೇ ಅದರ ಹಾನಿಯನ್ನು ಹೆಚ್ಚಿಸುತ್ತದೆ. ಮೊದಲೆರಡು ದಿನ ರೋಗಿ ಚೆನ್ನಾಗಿ ಮಾತಾಡುತ್ತಿರುತ್ತಾನೆ, ಒಂದೆರಡು ವಾರದಲ್ಲಿ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಪ್ರತಿವಿಷ ಇಲ್ಲ. ಇಲ್ಲಿ ಎಕ್ಮೋ ಬರೀ ಕಾಯುವ ದಾರಿ, ಅದೂ ಶ್ವಾಸಕೋಶ ಕಸಿ ಸಿಗುವುದಾದರೆ. ಹೊಲ ಮಾರಿ ಹೈದರಾಬಾದಿಗೆ ಹೊರಟ ಕುಟುಂಬಕ್ಕೆ ಇದನ್ನು ಮೊದಲ ದಿನವೇ ಯಾರಾದರೂ ಕೂತು ಹೇಳಬೇಕು. ಡಬ್ಬಿ ತಂದಿದ್ದರೆ ಅದನ್ನು ಜೋಪಾನವಾಗಿ ರೋಗಿಯ ಜೊತೆಗೇ ಕಳಿಸಬೇಕು.

ದಾರಿ

2020ರ ಮಾರ್ಚ್ 10ರಂದು ದೇಶದ ಮೊದಲ ಕೋವಿಡ್ ಸಾವು ಆದದ್ದು ಕಲಬುರಗಿಯ 76 ವರ್ಷದ ಹಿರಿಯರದು. ಅವರನ್ನೂ ಹೈದರಾಬಾದಿಗೆ ಒಯ್ದಿದ್ದರು, ವಾಪಸ್ ತರುವಾಗ ತೀರಿಕೊಂಡರು. ಮರುವರ್ಷ ಮೇ ತಿಂಗಳಲ್ಲಿ ತೆಲಂಗಾಣ ಗಡಿಯಲ್ಲಿ ಹೊರ ರಾಜ್ಯದ ಆಂಬುಲೆನ್ಸ್‌ಗಳನ್ನು ತಡೆದು, ಅಲ್ಲಿನ ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಬೆಂಗಳೂರು ನಮಗೆ ಹತ್ತಿರತ್ತಿರ 600 ಕಿಮೀ. ಹೈದರಾಬಾದ್ ಕಲಬುರಗಿಯಿಂದ ಸುಮಾರು 220, ಬೀದರಿನಿಂದ 140ರ ಆಸುಪಾಸು. ಹಾಗಾಗಿ ರೋಗಿಯ ದಾರಿ ರಾಜಧಾನಿ ಕಡೆ ಹೋಗುವುದಿಲ್ಲ, ಗಡಿ ದಾಟಿ ಹೋಗುತ್ತದೆ.

ಆ ದಾರಿಯ ಆಮ್ಲಜನಕದ ಲೆಕ್ಕ ಸುಲಭ. ಪೂರ್ತಿ ಆಮ್ಲಜನಕದ ಮೇಲಿರುವ ವೆಂಟಿಲೇಟರ್ ರೋಗಿಗೆ ನಿಮಿಷಕ್ಕೆ 12 ಲೀಟರ್ ಅಂತ ಹಿಡಿಯಿರಿ. ಆಂಬುಲೆನ್ಸಿನ ಸಣ್ಣ ಬಿ ಟೈಪ್ ಸಿಲಿಂಡರಿನಲ್ಲಿ ಇರುವುದು 1,500 ಲೀಟರ್. ಎರಡು ಗಂಟೆ ಐದು ನಿಮಿಷಕ್ಕೆ ಖಾಲಿ. ಜಹೀರಾಬಾದ್ ಮುಟ್ಟುವಷ್ಟರಲ್ಲಿ ಬದಲಿಸಬೇಕು. ಐದು ಗಂಟೆಯ ದಾರಿಗೆ 3,600 ಲೀಟರ್, ಟ್ರಾಫಿಕ್ಕಿಗೆ ಅಂತ ಅದರ ಅರ್ಧ ಜಾಸ್ತಿ. ಅಂದರೆ ನಾಲ್ಕು ಸಣ್ಣ ಸಿಲಿಂಡರ್, ಇಲ್ಲವೇ 7,000 ಲೀಟರಿನ ಒಂದು ದೊಡ್ಡದು. ಹೊರಡುವ ಮುಂಚೆ ಇದನ್ನು ಕೇಳುವ ಮನೆಯವರು ಕಡಿಮೆ, ಕೇಳಲೇಬೇಕು. ಜೊತೆಗೆ ವೆಂಟಿಲೇಟರ್ ನಡೆಸಲು ಬರುವ ವೈದ್ಯರು ಇದ್ದಾರಾ ಅಂತಲೂ. ಕೈಯಲ್ಲಿ ಬ್ಯಾಗ್ ಒತ್ತುತ್ತಾ ಐದು ಗಂಟೆ ಹೋದರೆ ಈವರೆಗೆ ಕಾಪಾಡಿದ ಶ್ವಾಸಕೋಶ ದಾರಿಯಲ್ಲೇ ಕೆಡುತ್ತದೆ. ತೀರಾ ಕೆಟ್ಟಿದ್ದರೆ ಎಕ್ಮೋ ತಂಡವೇ ರೋಗಿ ಇದ್ದಲ್ಲಿಗೆ ಬಂದು, ಅಲ್ಲೇ ಯಂತ್ರ ಹಚ್ಚಿ, ಆಮೇಲೆ ಕರೆದೊಯ್ಯುವುದು ಒಳ್ಳೆಯ ಕ್ರಮ.

ಇಷ್ಟೆಲ್ಲ ತಾಪತ್ರಯ ಯಾಕೆ, ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ಗೆ ಒಂದು, ಬೀದರಿನ ಬ್ರಿಮ್ಸ್‌ಗೆ ಒಂದು, ಯಾದಗಿರಿಗೆ ಒಂದು ಎಕ್ಮೋ ಕೊಡಿಸಿದರೆ ಮುಗೀತಲ್ಲ ಅಂತ ಕೇಳುವವರಿದ್ದಾರೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಬಂದ ಮೇಲೆ, ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಇರುವಾಗ, ಹೀಗೆ ಕೇಳುವುದು ಸಹಜ. ಆದರೂ ಇದನ್ನು ನಾನು ಒಪ್ಪುವುದಿಲ್ಲ. ಇಎಲ್‌ಎಸ್‌ಒ ದಾಖಲೆಯ ಮೇಲೆ 2015ರಲ್ಲಿ ಬಂದ ವಿಶ್ಲೇಷಣೆಯಲ್ಲಿ, ವರ್ಷಕ್ಕೆ 30ಕ್ಕಿಂತ ಹೆಚ್ಚು ವಯಸ್ಕರಿಗೆ ಎಕ್ಮೋ ಹಚ್ಚುವ ಕೇಂದ್ರಗಳಲ್ಲಿ ಸಾವು ಕಡಿಮೆ, 6ಕ್ಕಿಂತ ಕಡಿಮೆ ಹಚ್ಚುವ ಕಡೆ ಜಾಸ್ತಿ ಅಂತ ಕಂಡುಬಂತು. ಕೈ ಪಳಗಬೇಕು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಬೇಕು. ಜಾಸ್ತಿಯಾದರೆ ಮೆದುಳಲ್ಲಿ ರಕ್ತಸ್ರಾವ, ಕಡಿಮೆಯಾದರೆ ನಳಿಕೆಯಲ್ಲಿ ಹೆಪ್ಪು. ಏರಿ ನಿಂತಿದ್ದ ಕಾರ್ಬನ್ ಡೈಆಕ್ಸೈಡನ್ನು ಮೊದಲ ದಿನ ದಿಢೀರ್ ಇಳಿಸಿದರೂ ಮೆದುಳಿಗೆ ಅಪಾಯ. ಹಾಸಿಗೆಗೊಬ್ಬ ನರ್ಸ್, ಇಪ್ಪತ್ನಾಲ್ಕು ಗಂಟೆ. ಪರ್ಫ್ಯೂಷನಿಸ್ಟ್, ಅಂದರೆ ರಕ್ತ ಹರಿಸುವ ಯಂತ್ರ ನಡೆಸುವ ತಂತ್ರಜ್ಞ ಬೇಕು, ರಕ್ತನಿಧಿ ಬೇಕು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನಮ್ಮ ದೇಶದ ಐಸಿಯುಗಳಲ್ಲಿ ದೊಡ್ಡ ಪಿಡುಗು, ಎರಡು ವಾರ ನಳಿಕೆ ಇಟ್ಟುಕೊಂಡವರಿಗೆ ಅದು ತಗುಲದಂತೆ ನೋಡಿಕೊಳ್ಳಬೇಕು. ವರ್ಷಕ್ಕೆ ನಾಲ್ಕು ರೋಗಿ ನೋಡುವ ಮೂರು ಕೇಂದ್ರಗಳಿಗಿಂತ ಇಡೀ ಭಾಗಕ್ಕೆ ಒಂದೇ ಗಟ್ಟಿ ಕೇಂದ್ರ ಮೇಲು. ಅದು ಹೃದಯ ಶಸ್ತ್ರಚಿಕಿತ್ಸೆಯ ಜೊತೆಗೇ ಇರಲಿ, ಯಾಕಂದರೆ ಪರ್ಫ್ಯೂಷನಿಸ್ಟ್ ಇರುವುದು ಅಲ್ಲೇ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ ಶುರುವಾದ ಮೇಲೆ ಈ ಚರ್ಚೆಗೆ ಒಂದು ಜಾಗವಂತೂ ಸಿಕ್ಕಿದೆ. ಉಳಿದ ಜಿಲ್ಲೆಗಳಿಗೆ ಬೇಕಾದದ್ದು ನರ್ಸ್ ಹುದ್ದೆ, ಎಬಿಜಿ ಯಂತ್ರದ ಕಿಟ್ ತಪ್ಪದೆ ಬರುವುದು, ಸಾಗಿಸಲು ತಯಾರಾದ ಒಂದು ವಾಹನ. ಇವುಗಳ ಉದ್ಘಾಟನೆಗೆ ರಿಬ್ಬನ್ ಕಟ್ಟೋಕಾಗಲ್ಲ, ಅದೇ ತೊಂದರೆ.

ದುಡ್ಡು. ವಿದೇಶದ ಅಂಕಪಟ್ಟಿಗಳಲ್ಲಿ ಇಲ್ಲದ ಹದಿಮೂರನೇ ಸಂಗತಿ ಇದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ವರ್ಷದ ಮಿತಿ 5 ಲಕ್ಷ ರೂಪಾಯಿ. ಖಾಸಗಿಯಲ್ಲಿ ಎಕ್ಮೋ ಖರ್ಚು ಎರಡು ವಾರ ನಡೆದರೆ ಅದನ್ನು ಎಲ್ಲೋ ದಾಟಿ ಹೋಗುತ್ತದೆ. ಶ್ವಾಸಕೋಶ ತೆರೆದುಕೊಳ್ಳುವ ಹೊತ್ತಿಗೆ ದುಡ್ಡು ಮುಗಿದು ಯಂತ್ರ ತೆಗೆಸಿದರೆ ರೋಗಿಯೂ ಇಲ್ಲ, ಹೊಲವೂ ಇಲ್ಲ. ಹತ್ತು ದಿನಕ್ಕೆ ಎಷ್ಟು, ಇಪ್ಪತ್ತು ದಿನಕ್ಕೆ ಎಷ್ಟು, ಯಾವ ದಿನ ನೋಡಿ ಮುಂದುವರಿಸುವುದು ಬಿಡುವುದು ತೀರ್ಮಾನ ಮಾಡುತ್ತೀರಿ ಅಂತ ಹಚ್ಚುವ ಮೊದಲೇ ಕೇಳಿ. ಒಳ್ಳೆಯ ತಂಡ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಉಳಿದವರ ಕಥೆ ಡಿಸ್ಚಾರ್ಜ್ ದಿನಕ್ಕೆ ಮುಗಿಯುವುದಿಲ್ಲ. ಕೆನಡಾದಲ್ಲಿ ಎಆರ್‌ಡಿಎಸ್‌ನಿಂದ ಬದುಕಿ ಬಂದ 109 ಜನರನ್ನು ಹಿಂಬಾಲಿಸಿದಾಗ ವರ್ಷದ ಕೊನೆಗೆ ಕೆಲಸಕ್ಕೆ ವಾಪಸಾದವರು ಅರ್ಧದಷ್ಟು ಮಾತ್ರ. ಶ್ವಾಸಕೋಶ ಬಹುಪಾಲು ಸರಿಹೋಗಿತ್ತು, ತೋಳು ತೊಡೆಯ ಬಲ ಬಂದಿರಲಿಲ್ಲ. ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವನಿಗೆ ಆ ಒಂದು ವರ್ಷದ ಲೆಕ್ಕವೇ ಬೇರೆ. ಎಕ್ಮೋ ದಾಖಲೆಯಲ್ಲಿ ಆತ ಬದುಕಿದವರ ಪಟ್ಟಿಗೆ ಸೇರಿರುತ್ತಾನೆ. ಆತನಿಗೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿ ಬೇಕು, ಅದು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು.